ಕಳ್ಳ ಇರೋ ದೇಶದಲ್ಲೂ ಕಾನೂನು ಇರ್ಬೇಕು

ಎಲ್ರಿಗೂ ನಮಸ್ಕಾರ.

ಆನ್‌ಲೈನ್‌ನಲ್ಲಿ ದುಡ್ಡು ಕಳ್ಕೊಂಡೋರು ಕೇಳೋ ಮೊದಲ್ನೇ ಪ್ರಶ್ನೆ ಒಂದೇ, "ಸಾರ್, ಐಪಿ ಅಡ್ರೆಸ್ ಸಿಕ್ಕಿದೆಯಂತೆ, ಮತ್ಯಾಕೆ ಪೊಲೀಸ್ನೋರು ಹೋಗಿ ಹಿಡ್ಕೊಂಡ್ ಬರಲ್ಲ?" ಐಪಿ ಅಡ್ರೆಸ್ ಅಂದ್ರೆ ಇಂಟರ್ನೆಟ್‌ನಲ್ಲಿ ಒಂದು ಕನೆಕ್ಷನ್‌ನ ಗುರುತಿನ ನಂಬರು. ಸ್ವಾಮಿ, ಆ ಅಡ್ರೆಸ್ ಬೇರೆ ದೇಶದ್ದಾಗಿದ್ರೆ ನಮ್ ಇನ್ಸ್‌ಪೆಕ್ಟರ್‌ಗೆ ಅಲ್ಲಿ ಒಂದು ಬಾಗಿಲು ತಟ್ಟೋ ಅಧಿಕಾರನೂ ಇರಲ್ಲ. ಅಲ್ಲಿನ ಪೊಲೀಸ್ರೇ ಹಿಡೀಬೇಕು. ಅವರು ಹಿಡೀಬೇಕು ಅಂದ್ರೆ ಅವರ ದೇಶದಲ್ಲೂ ಅದು ಅಪರಾಧ ಆಗಿರ್ಬೇಕು. ಇವತ್ತು ನಾನು ಹೇಳೋದು ಇದೊಂದೇ ಮಾತು, ಕಳ್ಕೊಂಡೋರ ದೇಶದಲ್ಲಿ ಕಾನೂನಿದ್ರೆ ಸಾಲದು, ಕಳ್ಳ ಇರೋ ದೇಶದಲ್ಲೂ ಇರ್ಬೇಕು.

2000ನೇ ಇಸವಿ ಮೇ 4. ಪ್ರಪಂಚದ ಆಫೀಸುಗಳಲ್ಲೆಲ್ಲಾ ಜನ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡ್ತಾರೆ, ಗೊತ್ತಿರೋರಿಂದಾನೇ ಒಂದು ಮೇಲ್ ಬಂದಿದೆ, ಮೇಲ್ಗಡೆ 'ಐ ಲವ್ ಯೂ' ಅಂತಿದೆ, ಒಳಗೆ ಪ್ರೇಮಪತ್ರ ಅನ್ನೋ ಫೈಲು. ಆ ಫೈಲಿನ ಹೆಸ್ರು ಟಿಎಕ್ಸ್‌ಟಿ ಅಂತ ಮುಗಿದ ಹಾಗೆ ಕಾಣ್ತಿತ್ತು, ಆದ್ರೆ ಅದರ ಹಿಂದೆ ವಿಬಿಎಸ್ ಅಂತ ಇನ್ನೂ ಮೂರಕ್ಷರ ಇದ್ದವು, ವಿಂಡೋಸ್ ಅದನ್ನ ತೋರಿಸ್ತಿರ್ಲಿಲ್ಲ. ಟಿಎಕ್ಸ್‌ಟಿ ಅಂದ್ರೆ ಬರೀ ಓದೋ ಬರಹ, ವಿಬಿಎಸ್ ಅಂದ್ರೆ ಒತ್ತಿದ್ರೆ ಓಡೋ ಪ್ರೋಗ್ರಾಂ, ಅದೇ ವೈರಸ್. ಒತ್ತಿದ ತಕ್ಷಣ ನಿಮ್ಮ ಅಡ್ರೆಸ್ ಬುಕ್‌ನಲ್ಲಿ ಯಾರ್ಯಾರಿದ್ದಾರೋ ಅಷ್ಟೂ ಜನಕ್ಕೆ, ನಿಮ್ಮ ಮೇಲಧಿಕಾರಿಗೂ ಸೇರಿಸಿ, ನಿಮ್ಮ ಹೆಸ್ರಲ್ಲಿ ಅದೇ ಪ್ರೇಮಪತ್ರ ಹೋಗ್ತಿತ್ತು! ಜೊತೆಗೆ ಕಂಪ್ಯೂಟರ್‌ನಲ್ಲಿದ್ದ ಫೋಟೋ ಫೈಲುಗಳು ಹಾಳು. ಬ್ರಿಟನ್ ಪಾರ್ಲಿಮೆಂಟು ಮೇಲ್ ಬಂದ್ ಮಾಡ್ಬೇಕಾಯ್ತು, ಅಮೆರಿಕದ ರಕ್ಷಣಾ ಇಲಾಖೆ ಕಚೇರಿ ಪೆಂಟಗನ್‌ಗೂ ತಟ್ತು, ಕೆಲವೇ ದಿನದಲ್ಲಿ ಲಕ್ಷಗಟ್ಟಲೆ ಕಂಪ್ಯೂಟರ್ ಸಿಕ್ಕಾಕೊಂಡ್ವು.

ಇಷ್ಟೆಲ್ಲಾ ಮಾಡಿದ್ದು ಯಾರು ಅಂತ ಪತ್ತೆ ಆಗೋಕೆ ವರ್ಷ ಹಿಡೀಲಿಲ್ಲ. ಆ ಪ್ರೋಗ್ರಾಂ ಕದ್ದ ಪಾಸ್‌ವರ್ಡ್‌ಗಳನ್ನ ಫಿಲಿಪ್ಪೀನ್ಸ್‌ನ ಒಂದು ಮೇಲ್ ಅಡ್ರೆಸ್‌ಗೆ ಕಳಿಸ್ತಿತ್ತು, ಅದೇ ಜಾಡು ಹಿಡ್ಕೊಂಡು ಕೆಲವೇ ದಿನದಲ್ಲಿ ಪೊಲೀಸ್ರು ಮನಿಲಾದ ಒಂದು ಅಪಾರ್ಟ್‌ಮೆಂಟ್‌ಗೆ ಬಂದ್ರು, ಒನೆಲ್ ಡಿ ಗುಸ್ಮಾನ್ ಅನ್ನೋ ಕಂಪ್ಯೂಟರ್ ಕಾಲೇಜು ಹುಡುಗನ ಹೆಸ್ರು ಆಚೆ ಬಂತು. ಆದ್ರೆ ಕೇಸ್ ಯಾವುದರ ಕೆಳಗೆ ಹಾಕೋದು? ವೈರಸ್ ಬರೆಯೋದು ತಪ್ಪು ಅನ್ನೋ ಕಾನೂನೇ ಆ ದೇಶದಲ್ಲಿರ್ಲಿಲ್ಲ. ಕ್ರೆಡಿಟ್ ಕಾರ್ಡ್ ಮೋಸಕ್ಕೆ ಅಂತ ಮಾಡಿದ್ದ ಕಾನೂನನ್ನ ಎಳ್ಕೊಂಡ್ ಬಂದು ಇದಕ್ಕೆ ಹಚ್ಚೋಕೆ ನೋಡಿದ್ರು, ನಿಲ್ಲಲಿಲ್ಲ. ಜೂನ್‌ನಲ್ಲಿ ಅವಸರ ಅವಸರವಾಗಿ ಹೊಸ ಕಾನೂನು ತಂದ್ರು, ಆದ್ರೆ ಮೇ ತಿಂಗಳಲ್ಲಿ ಮಾಡಿದ್ದಕ್ಕೆ ಜೂನ್‌ನ ಕಾನೂನು ಹಚ್ಚೋ ಹಾಗಿಲ್ಲ, ನಮ್ಮ ಸಂವಿಧಾನದ 20ನೇ ವಿಧಿನೂ ಇದನ್ನೇ ಹೇಳತ್ತೆ. ಆಗಸ್ಟ್‌ನಲ್ಲಿ ಕೇಸು ಕೈಬಿಟ್ರು. ಹುಡುಗ ಮನೆಗೆ ಹೋದ. 20 ವರ್ಷ ಆದ್ಮೇಲೆ, 2020ರಲ್ಲಿ, ಹೌದು ನಾನೇ ಬರೆದಿದ್ದು ಅಂತ ಅವನೇ ಒಪ್ಕೊಂಡ.

ಅಮೆರಿಕದಲ್ಲಿ ಕಾನೂನಿತ್ತು, ಬ್ರಿಟನ್‌ನಲ್ಲಿ ಕಾನೂನಿತ್ತು. ಏನ್ ಬಂತು? ಅವನಿದ್ದ ದೇಶದಲ್ಲಿ ಇರ್ಲಿಲ್ಲ. ಅವತ್ತು ನಮ್ಮಲ್ಲೂ ಇರ್ಲಿಲ್ಲ ಅನ್ನೋದು ನೆನಪಿರ್ಲಿ, ಕಂಪ್ಯೂಟರ್ ಅಪರಾಧಕ್ಕಿರೋ ನಮ್ಮ ಐಟಿ ಕಾಯ್ದೆ ಜಾರಿಗೆ ಬಂದಿದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ.

ಈ ಕಥೆಗೇ ಹೆಚ್ಚು ಹೊತ್ತು ಹೋಯ್ತು, ಉಳಿದಿದ್ದು ಬೇಗ ಹೇಳ್ತೀನಿ. 2001ರಲ್ಲಿ ಬುಡಾಪೆಸ್ಟ್‌ನಲ್ಲಿ ಒಂದು ಒಪ್ಪಂದ ಆಯ್ತು. ಸೇರಿದ ದೇಶಗಳೆಲ್ಲಾ ಒಂದೇ ಥರದ ಸೈಬರ್ ಕಾನೂನು ಮಾಡ್ಬೇಕು, ಬೇರೆ ದೇಶದ ಪೊಲೀಸ್ರು ಹಗಲು ರಾತ್ರಿ ಯಾವಾಗ ಕೇಳಿದ್ರೂ ಸಹಾಯ ಮಾಡೋಕೆ ಒಂದು ಕಚೇರಿ ಇಡ್ಬೇಕು. ಅದೇ ಫಿಲಿಪ್ಪೀನ್ಸ್ 2018ರಲ್ಲಿ ಅದಕ್ಕೆ ಸೇರ್ಕೊಂಡ್ತು. ನಾವು ಸೇರಿಲ್ಲ. ಒಪ್ಪಂದ ಬರೆಯೋವಾಗ ನಮ್ಮನ್ನ ಕೇಳ್ಲಿಲ್ಲ ಅನ್ನೋ ವಾದ ನಂಗೂ ಅರ್ಥ ಆಗತ್ತೆ, ಆದ್ರೆ ಎಷ್ಟು ವರ್ಷ ಅದನ್ನೇ ಹೇಳ್ತಾ ಕೂರೋದು? ಈಗ ನಮ್ಮ ಸಿಇಎನ್ ಠಾಣೆಯಿಂದ, ಅಂದ್ರೆ ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆಯಿಂದ, ಮಾಹಿತಿ ಕೇಳಿ ಹೊರಟ ಒಂದು ಕಾಗದ ಕೋರ್ಟಿಗೆ ಹೋಗಿ, ಅಲ್ಲಿಂದ ದೆಹಲಿಯ ಗೃಹ ಇಲಾಖೆಗೆ ಹೋಗಿ, ಅಲ್ಲಿಂದ ಆ ದೇಶದ ಇಲಾಖೆಗೆ, ಆಮೇಲೆ ಅಲ್ಲಿನ ಕೋರ್ಟಿಗೆ, ಆಮೇಲೆ ಕಂಪ್ನಿಗೆ, ಅಷ್ಟರಲ್ಲಿ ಆ ಕಂಪ್ನಿಯ ಸರ್ವರ್‌ನಲ್ಲಿ ಯಾರು ಯಾವಾಗ ಬಳಸಿದ್ರು ಅನ್ನೋ ದಾಖಲೆ, ಅಂದ್ರೆ ಲಾಗ್, ಅಳಿಸಿ ಹೋಗಿರತ್ತೆ. ವಿಶ್ವಸಂಸ್ಥೆನೂ 2024ರ ಡಿಸೆಂಬರ್‌ನಲ್ಲಿ ಒಂದು ಸೈಬರ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿದೆ, 40 ದೇಶಗಳು ಅದನ್ನ ಅಂಗೀಕರಿಸಿದ್ರೆ ಜಾರಿಗೆ ಬರತ್ತೆ. ಅದರ ಒಳತಿರುಳೂ ಇದೇ, ಕಳ್ಳ ಇರೋ ದೇಶದಲ್ಲೂ ಕಾನೂನು.

ಅಲ್ಲೀವರೆಗೆ ನೀವು ಮಾಡ್ಬೇಕಾದ್ದು ಒಂದಿದೆ. ನಿಮ್ಮಿಂದ ಹೋದ ದುಡ್ಡು ಬಹಳಷ್ಟು ಸಲ ಮೊದ್ಲು ನಮ್ಮ ದೇಶದ್ದೇ ಯಾರೋ ಕಳ್ಳರಿಗೆ ಬಳಸೋಕೆ ಕೊಟ್ಟಿರೋ ಬಾಡಿಗೆ ಅಕೌಂಟಿಗೆ ಬೀಳತ್ತೆ, ಅಲ್ಲಿ ನಮ್ಮ ಕಾನೂನು ನಡೆಯತ್ತೆ, ಗಡಿ ದಾಟೋಕೆ ಮುಂಚೆ ಅಲ್ಲೇ ತಡೀಬೋದು. ಅದಕ್ಕೇ ನಾಳೆ ಮಗ ಬರ್ಲಿ, ಅಳಿಯನ್ನ ಕೇಳೋಣ ಅಂತ ಕಾಯ್ಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಯಾವ ಬ್ಯಾಂಕು, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ ಹೋಯ್ತು, ಎಸ್‌ಎಂಎಸ್‌ನಲ್ಲಿ ಬಂದಿರೋ ಟ್ರಾನ್ಸಾಕ್ಷನ್ ನಂಬರ್ ಏನು, ಇಷ್ಟು ಹೇಳಿ. ನಮಸ್ಕಾರ.