ಪಟ್ಟಿಗೆ ಹೆಸರು ಸೇರುವುದು, ಸೇರಿದ್ದು ಉಳಿಯುವುದು

ಎಲ್ಲರಿಗೂ ನಮಸ್ಕಾರ.

ಮತದಾನದ ದಿನ ಬೆಳಿಗ್ಗೆ ಯಾವ ಮತಗಟ್ಟೆಯ ಹೊರಗೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಕಾರ್ಡು ಕೈಯಲ್ಲೇ ಇದೆ, ಲಿಸ್ಟಲ್ಲಿ ಹೆಸರಿಲ್ಲ ಅಂತಾರಲ್ರೀ." ಆ ಹೊತ್ತಿಗೆ ಒಳಗಿರುವ ಅಧಿಕಾರಿ ಮಾಡಬಹುದಾದದ್ದು ಏನೂ ಇರುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಮತ ಹಾಕುವಂತಿಲ್ಲ. ಕಾರ್ಡು ಬರೀ ಗುರುತಿಗೆ. ಅದು ಕಳೆದುಹೋದರೂ ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಇಂಥದ್ದೊಂದು ತೋರಿಸಿ ಮತ ಹಾಕಬಹುದು. ಬೇರೆ ಕ್ಷೇತ್ರದಲ್ಲಿ ಕೊಟ್ಟ ಹಳೆಯ ವೋಟರ್ ಐಡಿ ಕೂಡ ನಡೆಯುತ್ತದೆ, ಹೆಸರು ಇಲ್ಲಿಯ ಪಟ್ಟಿಯಲ್ಲಿದ್ದರೆ. ಮನೆಗೆ ಹಂಚುವ ಮತದಾರರ ಚೀಟಿ ಮಾತ್ರ 2019ರಿಂದ ಗುರುತಿನ ದಾಖಲೆಯಾಗಿ ನಡೆಯುವುದಿಲ್ಲ.

ಹಾಗಾಗಿ ಇವತ್ತು ಕಾರ್ಡಿನ ಮಾತು ಕಡಿಮೆ, ಪಟ್ಟಿಯ ಮಾತು ಹೆಚ್ಚು. ಈ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ವಿಧಾನಸಭಾ ಕ್ಷೇತ್ರ, ಅದರೊಳಗೆ ಭಾಗ ಸಂಖ್ಯೆ (ಒಂದು ಮತಗಟ್ಟೆಗೆ ಒಂದು ಭಾಗ), ಭಾಗದೊಳಗೆ ಬೀದಿಗಳು, ಬೀದಿಯೊಳಗೆ ಮನೆ ನಂಬರು, ಮನೆಯಡಿ ಹೆಸರುಗಳು. ಇಡೀ ಲೆಕ್ಕ ಮನೆಯ ಮೇಲೆ ನಿಂತಿದೆ. ನಿಮಗೂ ಆ ಮನೆಗೂ ಇರುವ ನಂಟು ತಪ್ಪಿತು ಎಂದು ದಾಖಲಾದ ದಿನದಿಂದ ಹೆಸರಿಗೆ ಅಪಾಯ ಶುರು. ಪಟ್ಟಿಯಿಂದ ಬಿಟ್ಟುಹೋಗುವ ಹೆಸರುಗಳಲ್ಲಿ ಬಹುಪಾಲು ಇದೇ ದಾರಿಯಲ್ಲಿ ಹೋಗುತ್ತವೆ.

ಮೊದಲು ಸೇರುವ ಕ್ರಮ. ಭಾರತದ ಪ್ರಜೆಯಾಗಿರಬೇಕು, ಅರ್ಹತಾ ದಿನಾಂಕಕ್ಕೆ 18 ವರ್ಷ ತುಂಬಿರಬೇಕು, ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು. ಹಿಂದೆ ಅರ್ಹತಾ ದಿನಾಂಕ ವರ್ಷಕ್ಕೆ ಒಂದೇ, ಜನವರಿ 1. ಜನವರಿ 2ರಂದು ಹುಟ್ಟಿದವರು ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕಿತ್ತು. 2021ರ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ದಿನಾಂಕಗಳಿವೆ. ಏಪ್ರಿಲ್ 2ಕ್ಕೆ 18 ತುಂಬುವವರ ಸರದಿ ಜುಲೈ 1ಕ್ಕೆ. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಟ್ಟಿಡಬಹುದು, ತಮ್ಮ ದಿನಾಂಕ ಬಂದಾಗ ಅದು ಪರಿಶೀಲನೆಗೆ ಬರುತ್ತದೆ.

ಅರ್ಜಿ ನಮೂನೆ 6. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಹಾಕಬಹುದು, ಮೊಬೈಲ್ ಆ್ಯಪ್‌ನಲ್ಲಿ ಹಾಕಬಹುದು, ಕಾಗದದಲ್ಲಿ ತುಂಬಿ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೈಗೆ ಕೊಡಬಹುದು. ಒಂದು ಫೋಟೋ, ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ. ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಹುಟ್ಟಿದ ದಿನಾಂಕವಿರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಕು. ವಿಳಾಸಕ್ಕೆ ನೀರು, ಕರೆಂಟು, ಗ್ಯಾಸ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು ಇತ್ಯಾದಿ. "ನೋಂದಾಯಿತ" ಅನ್ನುವ ಪದ ಗಮನಿಸಿ. ನಮ್ಮಲ್ಲಿ ನಡೆಯುವುದು 11 ತಿಂಗಳ ಛಾಪಾ ಕಾಗದದ ಕರಾರು, ಅದು ಈ ಸಾಲಿಗೆ ಸೇರುವುದಿಲ್ಲ. ಬಾಡಿಗೆದಾರರು ಎಡವುವುದು ಇಲ್ಲೇ. ಬ್ಯಾಂಕಿನ ವಿಳಾಸವನ್ನು ಮೊದಲು ಬದಲಾಯಿಸಿಕೊಂಡು ಆ ಪಾಸ್‌ಬುಕ್ ಲಗತ್ತಿಸಿದರೆ ಕೆಲಸ ಸಲೀಸು. ಮನೆಯವರಲ್ಲಿ ಯಾರದಾದರೂ ಹೆಸರು ಈಗಾಗಲೇ ಪಟ್ಟಿಯಲ್ಲಿದ್ದರೆ ಅವರ ಎಪಿಕ್ ಸಂಖ್ಯೆಯನ್ನೂ, ಅಂದರೆ ವೋಟರ್ ಐಡಿ ಕಾರ್ಡಿನ ಸಂಖ್ಯೆಯನ್ನೂ ಬರೆಯಿರಿ. ಇಲ್ಲವಾದರೆ ಗಂಡ ಒಂದು ಭಾಗದಲ್ಲಿ, ಹೆಂಡತಿ ಇನ್ನೊಂದು ಭಾಗದಲ್ಲಿ ಸೇರಿ, ಎರಡು ಶಾಲೆಗಳ ನಡುವೆ ಓಡಾಡಬೇಕಾದೀತು.

ಆನ್‌ಲೈನ್ ಅರ್ಜಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೀರಿ, ಪಕ್ಕದ ಕನ್ನಡ ಚೌಕ ತಾನಾಗಿ ತುಂಬಿಕೊಳ್ಳುತ್ತದೆ. ಯಂತ್ರಕ್ಕೆ ಲ ಮತ್ತು ಳ ಒಂದೇ, ಹ್ರಸ್ವ ದೀರ್ಘವೂ ಒಂದೇ. ಕಾಳಮ್ಮ ಕಲಮ್ಮನಾಗುತ್ತಾಳೆ, ಹಳ್ಳಿ ಹಲ್ಲಿಯಾಗಿ ಗೋಡೆ ಹತ್ತುತ್ತದೆ. ಮುಂದೆ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ, "ನನ್ನ ಹೆಸರು ತೆಗೆದುಬಿಟ್ಟಿದ್ದಾರೆ" ಎಂಬ ಗಾಬರಿ. ಕಳುಹಿಸುವ ಮುನ್ನ ಆ ಕನ್ನಡ ಚೌಕವನ್ನು ಓದಿ, ಅಲ್ಲೇ ತಿದ್ದಿ. ಇನಿಷಿಯಲ್ ಎಲ್ಲಿ ಹಾಕುವುದು ಎಂಬ ಗೊಂದಲವೂ ನಮ್ಮ ಕಡೆ ಜಾಸ್ತಿ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆದುಬಿಡಿ. ಆಮೇಲೆ ಹುಡುಕುವಾಗ ಹೆಸರಿನ ಬದಲು ಎಪಿಕ್ ಸಂಖ್ಯೆ ಹಾಕಿ. ಮೂರು ಅಕ್ಷರ, ಏಳು ಅಂಕಿ. ಅದಕ್ಕೆ ಕಾಗುಣಿತದ ಕಾಟವಿಲ್ಲ.

ಹೆಸರಿನ ತೊಂದರೆ ಹೊಸದೇನಲ್ಲ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ರಾಜ್ಯಗಳಲ್ಲಿ ಅನೇಕ ಹೆಂಗಸರು ಸ್ವಂತ ಹೆಸರು ಹೇಳಲು ಒಪ್ಪದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನೇತೃತ್ವದ ಆಯೋಗ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು.

ಅರ್ಜಿ ಕೊಟ್ಟ ಮೇಲೆ ಸಿಗುವ ಉಲ್ಲೇಖ ಸಂಖ್ಯೆಯನ್ನು ಜೋಪಾನ ಮಾಡಿ. ಬಿಎಲ್‌ಒ ಮನೆಗೆ ಬರುತ್ತಾರೆ. ಅವರು ಹೆಚ್ಚಾಗಿ ಶಾಲಾ ಶಿಕ್ಷಕರು ಅಥವಾ ಅಂಗನವಾಡಿ ಕಾರ್ಯಕರ್ತೆಯರು, ಹಗಲಿನ ಕೆಲಸದ ನಡುವೆ ಇದನ್ನೂ ಮಾಡುವವರು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವರು ತಡೆದು ಕಳಿಸಿದರೆ, ಇಲ್ಲವೇ ಮನೆಗೆ ಬೀಗವಿದ್ದರೆ, ವರದಿಯಲ್ಲಿ "ಸಿಗಲಿಲ್ಲ" ಎಂದು ಬಿದ್ದು ಅರ್ಜಿ ತಿರಸ್ಕೃತವಾಗಬಹುದು. ನಿಮ್ಮ ಭಾಗದ ಬಿಎಲ್‌ಒ ಫೋನ್ ನಂಬರು ಪೋರ್ಟಲ್‌ನಲ್ಲೇ ಸಿಗುತ್ತದೆ. ಅರ್ಜಿ ಹಾಕಿದ ವಾರದಲ್ಲಿ ನೀವೇ ಒಂದು ಕರೆ ಮಾಡುವುದು ಒಳ್ಳೆಯದು. ಮನೆಯೇ ಇಲ್ಲದವರ ಗತಿ? ಬೀದಿಯಲ್ಲಿ ಮಲಗುವವರಿಗೂ ಹಕ್ಕಿದೆ, ವಿಳಾಸದ ದಾಖಲೆ ಬೇಡ. ಅರ್ಜಿಯಲ್ಲಿ ಹೇಳಿದ ಜಾಗದಲ್ಲಿ ಮಲಗುತ್ತಾರೋ ಎಂದು ಬಿಎಲ್‌ಒ ರಾತ್ರಿ ಹೊತ್ತು ಬಂದು ನೋಡಬೇಕು ಎನ್ನುತ್ತದೆ ಆಯೋಗದ ಸೂಚನೆ.

ಇನ್ನು ಉಳಿಯುವ ವಿಚಾರ. ಊರು ಬದಲಾದಾಗ ಬಹಳ ಜನ ಮಾಡುವ ತಪ್ಪು ಮತ್ತೆ ನಮೂನೆ 6 ತುಂಬುವುದು. ಅದು ಮೊದಲ ಸಲ ಸೇರುವವರಿಗೆ. ಬೇರೆಲ್ಲೂ ಹೆಸರಿಲ್ಲ ಎಂದು ಅದರಲ್ಲಿ ಘೋಷಿಸಿ ಸಹಿ ಹಾಕಿರುತ್ತೀರಿ. ಹಳೆಯ ಊರಲ್ಲಿ ಹೆಸರಿಟ್ಟುಕೊಂಡು ಹೀಗೆ ಸಹಿ ಹಾಕಿದರೆ 1950ರ ಜನಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ವಿಳಾಸ ಬದಲಾವಣೆಗೆ ನಮೂನೆ 8. ಅದೇ ಕ್ಷೇತ್ರದೊಳಗಿನ ಬದಲಾವಣೆಗೂ ಅದೇ, ಬೇರೆ ಕ್ಷೇತ್ರಕ್ಕೂ ಅದೇ. ಹೆಸರು, ಫೋಟೋ, ಹುಟ್ಟಿದ ದಿನಾಂಕದ ತಿದ್ದುಪಡಿ, ಕಳೆದ ಕಾರ್ಡಿಗೆ ಬದಲಿ, ಅಂಗವೈಕಲ್ಯದ ನಮೂದು ಎಲ್ಲವೂ ಇದರಲ್ಲೇ.

"ಊರಲ್ಲಿ ಮನೆ ಇದೆ, ತೋಟ ಇದೆ, ಹೆಸರು ಅಲ್ಲೇ ಇರಲಿ" ಎನ್ನುವವರೂ ಇದ್ದಾರೆ. ಅದೇ 1950ರ ಕಾಯ್ದೆಯ 20ನೇ ಸೆಕ್ಷನ್ ಸ್ಪಷ್ಟವಾಗಿದೆ: ಮನೆಯ ಒಡೆತನವೊಂದರಿಂದಲೇ ಯಾರೂ ಅಲ್ಲಿಯ ನಿವಾಸಿ ಆಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ. ಹಾಸ್ಟೆಲ್ ವಿದ್ಯಾರ್ಥಿಗಳು ಹೆತ್ತವರ ಮನೆಯ ವಿಳಾಸವನ್ನಾದರೂ ಆರಿಸಿಕೊಳ್ಳಬಹುದು, ಹಾಸ್ಟೆಲ್ಲನ್ನಾದರೂ ಆರಿಸಿಕೊಳ್ಳಬಹುದು. ಎರಡೂ ಕಡೆ ಮಾತ್ರ ಇರುವಂತಿಲ್ಲ.

ಆಧಾರ್ ಬಗ್ಗೆ ಒಂದೇ ಮಾತು. ಪಟ್ಟಿಯಲ್ಲಿರುವ ಹೆಸರಿಗೆ ಅದರ ಜೋಡಣೆ ನಮೂನೆ 6ಬಿ ಮೂಲಕ, ಅದು ಐಚ್ಛಿಕ.

ಹೆಸರು ತೆಗೆಸುವ ಅರ್ಜಿ ನಮೂನೆ 7. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಅವರ ಹೆಸರು ತೆಗೆಸಲು ಇದನ್ನೇ ಕೊಡಬೇಕು. ಇದೇ ಅರ್ಜಿಯಿಂದ ಬದುಕಿರುವವರ ಹೆಸರಿಗೂ ಕುತ್ತು ಬರಬಹುದು. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಸಂದೇಹ ಬಂದು ಒಂದೊಂದನ್ನೂ ಸ್ಥಳದಲ್ಲಿ ಪರಿಶೀಲಿಸಿದಾಗ ಸರಿಯೆನಿಸಿದ್ದು 24. ಉಳಿದ 5,994 ತಿರಸ್ಕೃತವಾದವು, ಪೊಲೀಸ್ ದೂರೂ ದಾಖಲಾಯಿತು. ಇಲ್ಲಿ ಹೆಸರುಗಳನ್ನು ಉಳಿಸಿದ್ದು ಮನೆಮನೆ ಪರಿಶೀಲನೆ. ಯಾರೋ ಆಕ್ಷೇಪಿಸಿದ ಮಾತ್ರಕ್ಕೆ ಹೆಸರು ಹೋಗುವಂತಿಲ್ಲ: ಆಕ್ಷೇಪಿಸುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು, ನಿಮಗೆ ನೋಟಿಸ್ ಬರಬೇಕು, ನಿಮ್ಮ ಮಾತು ಕೇಳಬೇಕು. ಆದರೆ ನೋಟಿಸ್ ಹೋಗುವುದು ಪಟ್ಟಿಯಲ್ಲಿರುವ ವಿಳಾಸಕ್ಕೆ. ನೀವು ಆ ಮನೆ ಬಿಟ್ಟು ಮೂರು ವರ್ಷವಾಗಿದ್ದರೆ ನೋಟಿಸನ್ನು ತೆಗೆದುಕೊಳ್ಳುವವರು ಯಾರು?

ಇದಕ್ಕೇ ಕರಡು ಪಟ್ಟಿ ನೋಡಬೇಕು. ಸಾಮಾನ್ಯ ವರ್ಷಗಳಲ್ಲಿ ವಿಶೇಷ ಸಂಕ್ಷಿಪ್ತ ಪರಿಷ್ಕರಣೆಯ ಕರಡು ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಬರುತ್ತದೆ, ಹಕ್ಕು (ಅಂದರೆ ಹೆಸರು ಸೇರಿಸುವ ಕೋರಿಕೆ) ಮತ್ತು ಆಕ್ಷೇಪಣೆಗೆ ಸುಮಾರು ಒಂದು ತಿಂಗಳು, ಅಂತಿಮ ಪಟ್ಟಿ ಜನವರಿಯಲ್ಲಿ. ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್ ನಡೆದಾಗ ಆಟವೇ ಬೇರೆ. ಅಲ್ಲಿ ಹಳೆಯ ಹೆಸರು ತಾನಾಗಿ ಮುಂದುವರಿಯುವುದಿಲ್ಲ, ಗಣತಿ ನಮೂನೆ ತುಂಬಿ ಸಹಿ ಹಾಕಿ ಕೊಡಬೇಕು. ಬಿಹಾರದಲ್ಲಿ 2025ರ ಆಗಸ್ಟ್ 1ರಂದು ಬಂದ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಬಿಟ್ಟ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು.

ಕರಡಿನಲ್ಲಿ ಹಳೆಯ ಕ್ರಮ ಸಂಖ್ಯೆ ಹುಡುಕಬೇಡಿ. ಮತಗಟ್ಟೆಗೆ ಇಷ್ಟೇ ಮತದಾರರು ಎಂಬ ಮಿತಿ ಇದೆ. ಅದು 1,500 ಇದ್ದದ್ದು ಇತ್ತೀಚೆಗೆ 1,200ಕ್ಕೆ ಇಳಿದಿದೆ, ಅದರಿಂದ ಭಾಗಗಳು ಒಡೆದು ನಂಬರುಗಳು ಬದಲಾಗುತ್ತವೆ. ಹೆಸರು ಅಲ್ಲೇ ಎರಡು ಭಾಗದಾಚೆ ಇರುತ್ತದೆ.

ಗಡುವಿನ ಲೆಕ್ಕವೂ ತಿಳಿದಿರಲಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗೆ ಪಟ್ಟಿ ಮುಚ್ಚಿದಂತೆ. ಅರ್ಜಿಯ ಮೇಲೆ ಆಕ್ಷೇಪಣೆಗೆ 7 ದಿನ ಕೊಡಬೇಕಾದ್ದರಿಂದ, ಆ ಕೊನೆಯ ದಿನಕ್ಕೆ 10 ದಿನ ಮೊದಲೇ ಅರ್ಜಿ ತಲುಪಿರಬೇಕು. ಚುನಾವಣೆ ಘೋಷಣೆಯಾದ ಮೇಲೆ ನೋಡೋಣ ಎಂದು ಕೂತವರಿಗೆ ಸಿಗುವುದು ಕೈಬೆರಳೆಣಿಕೆಯ ದಿನ.

ಅರ್ಜಿ ತಿರಸ್ಕೃತವಾದರೆ, ಅಥವಾ ಹೆಸರು ತೆಗೆದರೆ, ಮತದಾರರ ನೋಂದಣಿ ಅಧಿಕಾರಿಯಿಂದ ಲಿಖಿತ ಆದೇಶ ಕೇಳಿ ಪಡೆಯಿರಿ. ಬಾಯಿಮಾತಿನ "ಆಗಲ್ಲ" ಮೇಲೆ ಮೇಲ್ಮನವಿ ಹಾಕಲಾಗದು. ಆದೇಶದಿಂದ 15 ದಿನದೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಸಣ್ಣ ಸಂದೇಹಗಳಿಗೆ ಸಹಾಯವಾಣಿ 1950.

ಕೊನೆಗೆ, ಸಭೆಯಲ್ಲಿ ಪದವೀಧರರೂ ಶಿಕ್ಷಕರೂ ಇರುವುದರಿಂದ: ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಪಟ್ಟಿ ಇದಕ್ಕಿಂತ ಪೂರಾ ಬೇರೆ. ಪ್ರತಿ ಚುನಾವಣೆಗೂ ಅದನ್ನು ಹೊಸದಾಗಿ ಮಾಡುತ್ತಾರೆ, ಕಳೆದ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ಅರ್ಹತಾ ದಿನಾಂಕ ನವೆಂಬರ್ 1. ಆ ದಿನಕ್ಕೆ ಪದವಿ ಮುಗಿದು 3 ವರ್ಷ ಆಗಿರಬೇಕು. ಶಿಕ್ಷಕರಾದರೆ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷ, ಪ್ರೌಢಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಪಾಠ ಹೇಳಿರಬೇಕು.

ಪ್ರಶ್ನೆಗಳಿದ್ದರೆ ಕೇಳಿ.