ಮೊದಲು ಹಿಂದಿನ ಕೋಣೆ, ಆಮೇಲೆ ಸಮುದ್ರ

ನಮಸ್ಕಾರ. ಹೋದ ವಾರ ನಮ್ಮ ದಾವಣಗೆರೆಯ ಹದಡಿ ರಸ್ತೆ ಕಡೆ ಮನೆ ಕಟ್ಟಿಸುತ್ತಿರುವ ಒಬ್ಬರು ನನಗೆ ಅವರ ಪ್ಲಾನ್ ಕಳಿಸಿದ್ದರು. ಹಾಲ್‌ಗೂ ಊಟದ ಮನೆಗೂ ನಡುವೆ ಒಂದು ಗೋಡೆ. ಆ ಗೋಡೆಯೊಳಗೆ ಎಂಟು ಅಡಿ ಉದ್ದದ ಗಾಜಿನ ತೊಟ್ಟಿ, ಉಪ್ಪುನೀರಿನ ಅಕ್ವೇರಿಯಂ. ಒಳಗೆ ಹವಳ, ಬಣ್ಣಬಣ್ಣದ ಮೀನು, ನೀಲಿ ಬೆಳಕು. ಸೋಫಾ ಮೇಲೆ ಕಾಫಿ ಹಿಡಿದು ಕೂತ ಗಂಡ ಹೆಂಡತಿಯನ್ನೂ ಬಿಡಿಸಿದ್ದರು. ಎಂಜಿನಿಯರ್ ಒಳ್ಳೇ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ಒಂದು ಪ್ರಶ್ನೆ: "ಅಣ್ಣಾ, ಪಂಪು ಗಿಂಪು ಎಲ್ಲ ಕೆಳಗಿನ ಕಪಾಟಿನಲ್ಲೇ ಹಿಡಿಸುತ್ತೆ ಅಲ್ವಾ?"

ತುರುಕಿದರೆ ಹಿಡಿಸುತ್ತದೆ. ಆದರೆ ನಾನು ಅವರಿಗೆ ಹೇಳಿದ್ದು ಬೇರೆ. ಗಾಜಿನ ಹಿಂದೆ ಒಂದು ಕೋಣೆ ಕೊಡಲು ಆಗದಿದ್ದರೆ ಸಮುದ್ರ ತರುವ ಆಸೆ ಬಿಡಿ, ಆ ಗೋಡೆಗೆ ಒಂದು ಒಳ್ಳೇ ಚಿತ್ರ ನೇತು ಹಾಕಿ.

ಸ್ವಲ್ಪ ಖಾರವಾಯಿತು, ಗೊತ್ತು. ಆದರೆ ನಾನೂ ಒಂದು ಕಾಲದಲ್ಲಿ ಕಪಾಟಿನ ಪಾರ್ಟಿಯವನೇ. ನಾಲ್ಕು ಅಡಿಯ ತೊಟ್ಟಿ ಇತ್ತು, ಅದರ ಕೆಳಗೆ ಕಪಾಟು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ತಲೆ ಒಳಗೆ ಹಾಕಿ, ಒಂದು ಕೈಯಲ್ಲಿ ಪೈಪು ಇನ್ನೊಂದು ಕೈಯಲ್ಲಿ ಬಟ್ಟೆ. ಆ ಕೆಲಸ ಎಷ್ಟು ಬೇಸರ ಅಂದರೆ, ಇವತ್ತು ಬೇಡ ನಾಳೆ ಮಾಡೋಣ ಅಂತ ಮುಂದೆ ಹಾಕುತ್ತಾ ಹೋಗುತ್ತೀವಿ. ನಾಳೆ ಅನ್ನುವಷ್ಟರಲ್ಲಿ ಹವಳ ಬೆಳ್ಳಗಾಗಿರುತ್ತದೆ.

ನಾಲ್ಕು ವರ್ಷದ ಹಿಂದೆ ವಿದ್ಯಾನಗರದ ಮನೆಯಲ್ಲಿ ಎಂಟು ಅಡಿಯ ದೊಡ್ಡ ತೊಟ್ಟಿ ಮಾಡುವಾಗ, ಹಿಂದಿನ ಕೋಣೆಗೆ ಅಂತ ಅಮ್ಮನ ಸ್ಟೋರ್ ರೂಮ್ ಕಿತ್ತುಕೊಂಡೆ. ಆರು ಅಡಿಗೆ ಎಂಟು ಅಡಿ. ಅವರ ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿ ಎಲ್ಲ ಆಚೆ ಪಡಸಾಲೆಗೆ ಬಂದವು. ಆ ಅಕ್ಕಿ ಮೂಟೆಯ ಕತೆ ಆಮೇಲೆ ಹೇಳುತ್ತೇನೆ.

ಮೊದಲು ಭಾರದ ಮಾತು. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ ಅಂದರೆ ಹತ್ತಿರ ಹತ್ತಿರ 1,400 ಲೀಟರ್ ನೀರು. ಉಪ್ಪು ನೀರು ಲೀಟರಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ. 19 ಮಿಲಿಮೀಟರ್ ಗಾಜೇ 300 ಕೆಜಿ ದಾಟುತ್ತದೆ. ಕಲ್ಲು, ಮರಳು ಸೇರಿ ಎರಡು ಟನ್ ಅಂದುಕೊಳ್ಳಿ. ಮನೆಯ ಮಹಡಿಯನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ 200 ಕೆಜಿ ಅಂತ. ಈ ತೊಟ್ಟಿ ತನ್ನ ಕಾಲಡಿಯ ಜಾಗದ ಮೇಲೆ ಚದರ ಮೀಟರಿಗೆ ಸಾವಿರ ಕೆಜಿಗಿಂತ ಜಾಸ್ತಿ ಕೂರುತ್ತದೆ. ಹಾಗಾಗಿ ಡೂಪ್ಲೆಕ್ಸ್‌ನ ಮೇಲಿನ ಮಹಡಿಯ ಕನಸು ಬೇಡ. ನೆಲದ ಮೇಲೆ ಇಡಿ, ಅದಕ್ಕೇ ಅಂತ ಕಾಂಕ್ರೀಟ್ ಹಾಸಿ, ರಸಮಟ್ಟ ಇಟ್ಟು ಎರಡು ಸಲ ನೋಡಿ. ಕಬ್ಬಿಣದ ಸ್ಟ್ಯಾಂಡ್ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ನಾನು ಇಟ್ಟಿಗೆ ಕಟ್ಟಿ ಮೇಲೆ ಗ್ರಾನೈಟ್ ಹಾಕಿಸಿದೆ.

ಗೋಡೆ ಒಡೆಯುವಾಗ ಮೇಲೆ ಲಿಂಟಲ್ ಇರಲೇಬೇಕು. ಗೋಡೆಯ ಭಾರ ಗಾಜಿನ ಮೇಲೆ ಒಂದು ಕೂದಲಷ್ಟೂ ಬೀಳಬಾರದು. ಗಾಜಿಗೂ ಗೋಡೆಗೂ ನಡುವೆ ಸಂದು ಬಿಡಿ, ಆ ಸಂದನ್ನು ಮರದ ಚೌಕಟ್ಟಿನಿಂದ ಮುಚ್ಚಿ. ನಮ್ಮ ಮೇಸ್ತ್ರಿ ಸಂದಿಗೆ ಸಿಮೆಂಟ್ ಮೆತ್ತಲು ಹೊರಟಿದ್ದರು, ಪ್ರೀತಿಯಿಂದಲೇ. ಕೈ ಹಿಡಿದು ನಿಲ್ಲಿಸಬೇಕಾಯಿತು.

ಅವರ ಜೊತೆ ಇನ್ನೊಂದು ತಮಾಷೆ ಆಯಿತು. "ಈ ಕೋಣೆಯಲ್ಲಿ ಸಂಪ್ ಬರುತ್ತೆ" ಅಂದೆ. ನಮ್ಮೂರಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವ ನೀರಿನ ತೊಟ್ಟಿ ಅಲ್ವಾ? "ಮನೆ ಒಳಗೆ ಯಾಕ್ರೀ ಸಂಪ್, ಎಷ್ಟು ಅಡಿ ಅಗೀಬೇಕು?" ಅಂತ ಗುದ್ದಲಿಯವನನ್ನು ಕರೆದೇಬಿಟ್ಟರು. ಅಕ್ವೇರಿಯಂ ಸಂಪ್ ಅಂದರೆ ದೊಡ್ಡ ತೊಟ್ಟಿಗಿಂತ ಕೆಳಗಿರುವ ಇನ್ನೊಂದು ಗಾಜಿನ ತೊಟ್ಟಿ, ಅಷ್ಟೇ. ಮೇಲಿನ ನೀರು ಅಂಚು ಮೀರಿ ಪೈಪಿನಲ್ಲಿ ಇಲ್ಲಿಗೆ ಇಳಿಯುತ್ತದೆ, ಇಲ್ಲಿ ಸೋಸಿಕೊಳ್ಳುತ್ತದೆ, ಪಂಪು ಮತ್ತೆ ಮೇಲಕ್ಕೆ ತಳ್ಳುತ್ತದೆ.

ಇದನ್ನು ಅರ್ಥ ಮಾಡಿಸಲು ನಾನು ಚಿತ್ರದುರ್ಗದ ಉದಾಹರಣೆ ಕೊಡುತ್ತೇನೆ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ ಬರುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದು ತುಂಬಿ ಇನ್ನೊಂದಕ್ಕೆ. ಯಾರೂ ಗೇಟು ತಿರುಗಿಸಬೇಕಿಲ್ಲ, ಅಂಚಿನ ಎತ್ತರವೇ ಎಲ್ಲ ನೋಡಿಕೊಳ್ಳುತ್ತದೆ. ಮೇಸ್ತ್ರಿಗೆ ಇದು ಒಂದೇ ಏಟಿಗೆ ಹತ್ತಿತು. "ಹಂಗಾದ್ರೆ ಕೊನೇ ಹೊಂಡ ತುಂಬಿದ್ರೆ ಏನ್ ಮಾಡ್ತೀರಿ?" ಅಂದರು.

ಅದು ಸರಿಯಾದ ಪ್ರಶ್ನೆ. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮೊದಲ ವರ್ಷದ ಮೇ ತಿಂಗಳು. ರಾತ್ರಿ ಗುಡುಗು, ಮಳೆ, ಕರೆಂಟ್ ಹೋಯಿತು. ಪಂಪು ನಿಂತಿತು. ಪಂಪು ನಿಂತಾಗ, ಮೇಲಕ್ಕೆ ಹೋಗುವ ಪೈಪಿನ ಬಾಯಿ ನೀರಿನೊಳಗೆ ಮುಳುಗಿದ್ದರೆ, ಅದೇ ಪೈಪಿನಲ್ಲಿ ನೀರು ತಾನಾಗಿ ಕೆಳಗೆ ಬರಲು ಶುರುವಾಗುತ್ತದೆ. ಡ್ರಮ್ಮಿನಿಂದ ರಬ್ಬರ್ ಪೈಪ್ ಹಾಕಿ ಬಾಯಿಂದ ಎಳೆದು ಬಿಡುತ್ತೀವಲ್ಲ, ಹಾಗೆ. ಅದನ್ನು ತಡೆಯಲು ನೀರಿನ ಮಟ್ಟದ ಹತ್ತಿರ ಪೈಪಿಗೆ ಒಂದು ಸಣ್ಣ ತೂತು ಕೊರೆದಿರುತ್ತಾರೆ. ನೀರು ಚೂರು ಇಳಿದ ಕೂಡಲೇ ಆ ತೂತು ಗಾಳಿ ಎಳೆದುಕೊಳ್ಳುತ್ತದೆ, ಹರಿವು ನಿಲ್ಲುತ್ತದೆ. ನನ್ನ ಪೈಪಿನಲ್ಲೂ ಆ ತೂತು ಇತ್ತು. ಅದರಲ್ಲಿ ಒಂದು ಬಸವನಹುಳು ಕೂತಿತ್ತು. ಕಡಲೆಕಾಳಿನಷ್ಟು ದಪ್ಪ. ಬೆಣೆ ಹೊಡೆದ ಹಾಗೆ ಕೂತಿತ್ತು.

ಲೆಕ್ಕ ನೋಡಿ. ಈ ಅಗಲದ ತೊಟ್ಟಿಯಲ್ಲಿ ಒಂದು ಇಂಚು ನೀರು ಅಂದರೆ 47 ಲೀಟರ್. ಪೈಪಿನ ಬಾಯಿ ನಾಲ್ಕು ಇಂಚು ಆಳದಲ್ಲಿತ್ತು. ಅಂದರೆ ಸುಮಾರು 190 ಲೀಟರ್ ಕೆಳಗೆ ಬಂತು. ಸಂಪಿನಲ್ಲಿ ಖಾಲಿ ಇದ್ದ ಜಾಗ 100 ಲೀಟರಿನದು. ಉಳಿದ 90 ಲೀಟರ್ ನೆಲಕ್ಕೆ. ನೆಲದಲ್ಲಿ ನೀರು ಹೋಗಲು ಜಾಲರಿ ಇರಲಿಲ್ಲವೇ? ಇತ್ತು. ಆದರೆ ಸ್ಟೋರ್ ರೂಮ್ ಆಗಿದ್ದ ಕಾಲದ ನೆಲ, ವಾಟ ಇದ್ದದ್ದು ಬಾಗಿಲ ಕಡೆಗೆ. ಬಾಗಿಲಾಚೆ ಪಡಸಾಲೆ. ಪಡಸಾಲೆಯಲ್ಲಿ ಅಮ್ಮನ ಅಕ್ಕಿ ಮೂಟೆ.

ಬೆಳಿಗ್ಗೆ ಅಮ್ಮ ಮೂಟೆ ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡರು. "ಇನ್ನು ಅನ್ನಕ್ಕೆ ಉಪ್ಪು ಹಾಕೋ ಕೆಲಸ ತಪ್ಪಿತು ಬಿಡಪ್ಪಾ" ಅಂದರು. ಬೈದಿದ್ದರೆ ವಾಸಿ ಇತ್ತು.

ಆಮೇಲೆ ನೆಲ ಒಡೆಸಿ ವಾಟವನ್ನು ಜಾಲರಿ ಕಡೆಗೆ ತಿರುಗಿಸಿದೆ. ಹೊಸ್ತಿಲನ್ನು ಎರಡು ಇಂಚು ಎತ್ತರಿಸಿದೆ, ಹಳೇ ಬಚ್ಚಲು ಮನೆಯಲ್ಲಿ ಇರುತ್ತಿತ್ತಲ್ಲ, ಹಾಗೆ. ಪೈಪಿನ ಬಾಯನ್ನು ಒಂದೇ ಇಂಚು ಆಳಕ್ಕೆ ತಂದೆ. ಈಗ ತಿಂಗಳಿಗೊಮ್ಮೆ ನಾನೇ ಪಂಪಿನ ಸ್ವಿಚ್ ಆರಿಸಿ ಸಂಪಿನ ಪಕ್ಕ ನಿಂತು ನೋಡುತ್ತೇನೆ. ಕಪಾಟಿನಲ್ಲಿ ಇದೇ ಆಗಿದ್ದರೆ ನೀರು ನೇರ ಹಾಲ್‌ಗೆ, ಸೋಫಾ ಕೆಳಗೆ, ಪ್ಲಗ್ ಪಾಯಿಂಟಿಗೆ. ಕೋಣೆ ಕೊಡಿ ಅಂತ ನಾನು ಹಟ ಹಿಡಿಯುವುದಕ್ಕೆ ಮುಖ್ಯ ಕಾರಣವೇ ಇದು. ನೀರು ಚೆಲ್ಲಿಯೇ ಚೆಲ್ಲುತ್ತದೆ. ಎಲ್ಲಿ ಚೆಲ್ಲಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಎರಡನೇ ಕಾರಣ ಸೆಕೆ. ಹವಳಕ್ಕೆ 24ರಿಂದ 27 ಡಿಗ್ರಿ ಬೇಕು. ಹವಳದ ಮೈಯೊಳಗೆ ಸಣ್ಣ ಪಾಚಿ ಬದುಕುತ್ತದೆ, ಬಣ್ಣವೂ ಅನ್ನವೂ ಬಹುಪಾಲು ಅದರದ್ದೇ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಆಗಿದ್ದು ಇದೇ. ಅಷ್ಟು ದೊಡ್ಡ ಸಮುದ್ರವೇ ತಡೆಯಲಿಲ್ಲ. ಇನ್ನು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ತೊಟ್ಟಿ ತಡೆಯುತ್ತದೆಯೇ?

ಚಿಲ್ಲರ್, ಅಂದರೆ ನೀರು ತಣ್ಣಗೆ ಮಾಡುವ ಮಷಿನ್ ಬೇಕು. ಆದರೆ ಚಿಲ್ಲರ್ ಸೆಕೆಯನ್ನು ನುಂಗುವುದಿಲ್ಲ. ನೀರಿನಿಂದ ತೆಗೆದು ಗಾಳಿಗೆ ಬಿಡುತ್ತದೆ, ಫ್ರಿಜ್ಜಿನ ಹಿಂಭಾಗ ಬಿಸಿ ಇರುವ ಹಾಗೆ. ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ತಾನು ಬಿಟ್ಟ ಬಿಸಿಯನ್ನೇ ತಾನು ಮತ್ತೆ ಎಳೆದುಕೊಂಡು ಒದ್ದಾಡುತ್ತದೆ, ಮೀಟರ್ ಮಾತ್ರ ಓಡುತ್ತದೆ. ನನ್ನದು ಕೋಣೆಯ ಹೊರಗೋಡೆಯ ಆಚೆ, ತಗಡಿನ ನೆರಳಲ್ಲಿದೆ. ಒಳಗೆ ಎಕ್ಸಾಸ್ಟ್ ಫ್ಯಾನ್.

ಇಲ್ಲಿ ನಮ್ಮ ಬಯಲುಸೀಮೆಗೆ ಒಂದು ಲಾಭ ಇದೆ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಗಾಳಿ ಒಣ. ಸಂಪಿನ ನೀರಿನ ಮೇಲೆ ಸುಮ್ನೆ ಒಂದು ಫ್ಯಾನ್ ಬೀಸಲು ಬಿಟ್ಟರೆ ಎರಡು ಡಿಗ್ರಿ ಇಳಿಯುತ್ತದೆ. ಮಣ್ಣಿನ ಹೂಜಿಯ ಲೆಕ್ಕ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಈ ಆಟ ಅಷ್ಟಾಗಿ ನಡೆಯುವುದಿಲ್ಲ. ಸಮುದ್ರದ ಪಕ್ಕದಲ್ಲಿರುವವರಿಗಿಂತ ಈ ಒಂದು ವಿಷಯದಲ್ಲಿ ನಾವೇ ಮುಂದೆ.

ಆದರೆ ಆವಿಗೆ ಬೆಲೆ ಇದೆ. ಬೇಸಿಗೆಯಲ್ಲಿ ನನ್ನ ತೊಟ್ಟಿ ದಿನಕ್ಕೆ 15ರಿಂದ 20 ಲೀಟರ್ ಕುಡಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಅದಕ್ಕೆ ತುಂಬಿಸಬೇಕಾದದ್ದು ಸಿಹಿನೀರು. ಹೊಸಬರು ಪಾಪ ಉಪ್ಪುನೀರು ತುಂಬಿಸಿ ತುಂಬಿಸಿ ಮೀನನ್ನು ಒಣಮೀನು ಮಾಡುತ್ತಾರೆ. ಬೋರ್‌ವೆಲ್ ನೀರು ಹಾಗೇ ಹಾಕುವಂತಿಲ್ಲ, ನಮ್ಮ ಕಡೆಯದು ಗಡಸು. ಆರ್‌ಒ ಮಾಡಬೇಕು. ಒಂದು ಲೀಟರ್ ಒಳ್ಳೇ ನೀರಿಗೆ ನನ್ನ ಮಷಿನ್ ಮೂರು ಲೀಟರ್ ಆಚೆ ಬಿಡುತ್ತದೆ. ವಾರಕ್ಕೊಮ್ಮೆ ಬದಲಿಸುವ ನೀರೂ ಸೇರಿದರೆ ವಾರಕ್ಕೆ 800 ಲೀಟರ್ ಹಾಗೆ ಹೋಗುತ್ತದೆ.

ಇದು ನನಗೆ ಮುಜುಗರದ ವಿಷಯ, ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ ಕುಂದುವಾಡ ಕೆರೆಯ ಮಟ್ಟ ನೋಡಿಕೊಂಡು ಬದುಕುವ ಊರು ನಮ್ಮದು. ಅದಕ್ಕೇ ಕೋಣೆಯಲ್ಲಿ ಎರಡು ನೀಲಿ ಡ್ರಮ್ ಇವೆ. ಒಂದು ಒಳ್ಳೇ ನೀರಿಗೆ, ಇನ್ನೊಂದು ಬಿಟ್ಟ ನೀರಿಗೆ. ಎರಡನೆಯದರಿಂದ ನೆಲ ಒರೆಸುತ್ತೇವೆ, ಶೌಚಾಲಯಕ್ಕೆ ಸುರಿಯುತ್ತೇವೆ. ಮಾಡಲು ಮನಸ್ಸಿಲ್ಲದವರು ಈ ಹವ್ಯಾಸಕ್ಕೆ ಕೈ ಹಾಕಬೇಡಿ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ. ನಮ್ಮನೆ ದಾಸವಾಳ ಹೋಗಿದ್ದು ಹಾಗೇ. ಅದನ್ನೂ ಅಮ್ಮನೇ ನೆಟ್ಟಿದ್ದು.

ವಾಸನೆಯ ಮಾತು ಬೇಗ ಮುಗಿಸುತ್ತೇನೆ. ಪ್ರೋಟೀನ್ ಸ್ಕಿಮ್ಮರ್ ಅಂತ ಒಂದು ಇದೆ. ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ ನೀರಿನ ಕೊಳೆಯನ್ನು ನೊರೆಯಾಗಿ ಮೇಲೆ ತರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬಂದ ಮಡ್ಡಿ ತೆಗೆಯುತ್ತಾರಲ್ಲ, ಅದೇ ಕೆಲಸ, ಪರಿಮಳ ಮಾತ್ರ ಆಲೆಮನೆಯದಲ್ಲ. ಬಟ್ಟಲಿನಲ್ಲಿ ಕಡು ಟೀ ಬಣ್ಣದ ನೀರು ನಿಲ್ಲುತ್ತದೆ. ಆ ಬಟ್ಟಲನ್ನು ಊಟದ ಮನೆಯ ಪಕ್ಕದ ಕಪಾಟಿನಿಂದ ತೆಗೆಯುವ ದೃಶ್ಯ ಒಮ್ಮೆ ಊಹಿಸಿಕೊಳ್ಳಿ.

ಕರೆಂಟ್: ಬೋರ್ಡು ಎದೆಯ ಎತ್ತರಕ್ಕಿಂತ ಮೇಲಿರಲಿ, ಕರೆಂಟ್ ಸೋರಿದ ಕೂಡಲೇ ತಾನೇ ಆರುವ ಸ್ವಿಚ್, 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಇದರಲ್ಲಿ ಜುಗ್ಗತನ ಬೇಡ. ಬೇಸಿಗೆಯಲ್ಲಿ ನನ್ನದು ದಿನಕ್ಕೆ 17 ಯೂನಿಟ್ ಎಳೆಯುತ್ತದೆ, ಅದರಲ್ಲಿ ಅರ್ಧದಷ್ಟು ಚಿಲ್ಲರ್‌ದೇ. ಇನ್ವರ್ಟರಿಗೆ ಕನಿಷ್ಠ ನೀರು ಅಲ್ಲಾಡಿಸುವ ಪಂಪನ್ನಾದರೂ ಕೊಡಿ. ಕರೆಂಟ್ ಹೋದಾಗ ಮೀನು ಮೊದಲು ಸಾಯುವುದು ಉಸಿರಿಲ್ಲದೆ.

ಹವಳ ಎಲ್ಲಿಂದ ತರುತ್ತೀರಿ ಅನ್ನುವುದು ಇನ್ನೊಂದು. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋದರೆ ನಮ್ಮದೇ ಸಮುದ್ರದ ಹವಳ ನೋಡಬಹುದು. ನೋಡಿ ಬನ್ನಿ, ಮುಟ್ಟಬೇಡಿ. ಬಂಡೆ ಕಟ್ಟುವ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ದಡದಲ್ಲಿ ಬಿದ್ದ ತುಂಡನ್ನೂ ಜೇಬಿಗೆ ಹಾಕಬೇಡಿ. ಹೊರದೇಶದಿಂದ ಬಂದದ್ದು, ಫಾರಂನಲ್ಲಿ ಬೆಳೆಸಿದ್ದು ಅಂತ ಮಾರುವವರ ಹತ್ತಿರವೂ ಕಾಗದ ಕೇಳಿ. ಕಾಗದ ಕೇಳಿದ ಕೂಡಲೇ ಮುಖ ಆ ಕಡೆ ತಿರುಗಿಸಿದರೆ ಎದ್ದು ಬನ್ನಿ.

ಸರಿ, ಹದಡಿ ರಸ್ತೆಯವರ ಪ್ಲಾನಿಗೆ ಬರುತ್ತೇನೆ. ಎರಡೂ ಕಡೆಯಿಂದ ಕಾಣುವ ಆಸೆ ಬಿಡಿ, ಮುಖ ಹಾಲ್‌ಗೆ ಇರಲಿ, ಬೆನ್ನು ಒಂದು ಕೋಣೆಗೆ ಇರಲಿ ಅಂದೆ. ತೊಟ್ಟಿಯ ಮೇಲೆ ಎರಡು ಅಡಿ ತೆರವು ಬಿಡಿ, ಕೈ ಹಾಕಲು, ದೀಪ ಎತ್ತಲು. ನೀರಿನ ನಲ್ಲಿ, ನೆಲದ ಜಾಲರಿ, ಹೊರಗೋಡೆ ಮೂರೂ ಆ ಕೋಣೆಗೆ ಸೇರಬೇಕು. ಅವರು ಮೂರೇ ದಿನದಲ್ಲಿ ಹೊಸ ಪ್ಲಾನ್ ಕಳಿಸಿದರು. ಊಟದ ಮನೆ ಹಿಂದಕ್ಕೆ ಹೋಗಿದೆ, ಏಳು ಅಡಿಗೆ ಎಂಟು ಅಡಿ ಕೋಣೆ ಬಂದಿದೆ. ನನಗೆ ಖುಷಿಯಾಯಿತು. ಆಮೇಲೆ ಕಣ್ಣಾಡಿಸಿದರೆ ಕೋಣೆಯ ಮೂಲೆಯಲ್ಲಿ ಒಂದು ಚೌಕ, ಅದರೊಳಗೆ "ವಾಷಿಂಗ್ ಮೆಷಿನ್" ಅಂತ ಬರೆದಿದೆ. ಉಪ್ಪಿನ ಗಾಳಿಗೆ ಅದರ ಮೈ ತುಕ್ಕು ಹಿಡಿಯುತ್ತದೆ, ಸೋಪಿನ ಪುಡಿ ಸಂಪಿಗೆ ಹಾರುತ್ತದೆ, ಬೇಡ ಅಂತ ಹೇಳಿ ಅಂದೆ. "ಅಣ್ಣಾ, ಅದನ್ನ ನೀವೇ ನಮ್ಮನೆಯವರಿಗೆ ಹೇಳಿಬಿಡಿ" ಅಂದರು. ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದಾರೆ.