ಎರಡು ತಂತಿಗಳು ಕೂಡುವ ಜಾಗ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಬಚ್ಚಲಿನಲ್ಲಿ ಬೆಳಗಿನ ಹೊತ್ತು ಮೀನಿನ ವಾಸನೆ ಬರತೊಡಗಿತು. ನಮ್ಮದು ಮೀನು ಬೇಯಿಸುವ ಮನೆಯಲ್ಲವಾದ್ದರಿಂದ ಮೊದಲು ಕಿಟಕಿಯನ್ನು ಅನುಮಾನಿಸಿದೆವು, ಆಮೇಲೆ ಮೋರಿಯನ್ನು, ಕೊನೆಗೆ ಪಕ್ಕದ ಮನೆಯ ಬೆಕ್ಕನ್ನು. ಗೀಸರ್ ಹಾಕಿದಾಗ ಮಾತ್ರ ಈ ವಾಸನೆ ಏಳುತ್ತದೆ ಎಂಬುದು ಹೊಳೆಯಲು ಒಂದು ವಾರವೇ ಹಿಡಿಯಿತು. ಗೋಡೆಯ ಮೇಲ್ಭಾಗದಲ್ಲಿದ್ದ ಜಂಕ್ಷನ್ ಬಾಕ್ಸಿನ ಮುಚ್ಚಳವನ್ನು ತೆಗೆಸಿ ನೋಡಿದರೆ, ದೀಪದ ತಂತಿಗಳನ್ನು ಕೂಡಿಸುವುದಕ್ಕೆಂದು ಮಾಡಿದ ಪುಟ್ಟ ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಗೀಸರಿನ ದಪ್ಪ ತಂತಿಯನ್ನು ಹೇಗೋ ತುರುಕಿ ಸ್ಕ್ರೂ ಬಿಗಿದಿದ್ದರು. ಆ ಕನೆಕ್ಟರು ಕಂದುಗಟ್ಟಿ, ಒಂದು ಬದಿ ಹಪ್ಪಳದಂತೆ ಉಬ್ಬಿತ್ತು. ಸ್ವಿಚ್ಚು ಮತ್ತು ಕನೆಕ್ಟರುಗಳಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದಾಗ ಹೊರಡುವ ವಾಸನೆ ಮೀನಿನ ವಾಸನೆಯನ್ನೇ ಹೋಲುತ್ತದೆಂಬುದನ್ನು ನಾನು ಕಲಿತದ್ದು ಹೀಗೆ.

ಇಷ್ಟೆಲ್ಲ ಆಗುವಾಗ ಮನೆಯ ಎಂ.ಸಿ.ಬಿ., ಅಂದರೆ ತಾನಾಗಿ ಆರುವ ರಕ್ಷಣಾ ಸ್ವಿಚ್ಚು, ಏಕೆ ಬೀಳಲಿಲ್ಲ ಎಂದು ನೀವು ಕೇಳಬಹುದು. ಎಂ.ಸಿ.ಬಿ. ಬೀಳುವುದು ತನ್ನ ಮಿತಿಗಿಂತ ಹೆಚ್ಚು ಕರೆಂಟು ಹರಿದಾಗ. ಸಡಿಲವಾದ ಕೂಡಿಕೆಯಲ್ಲಿ ಕರೆಂಟು ಹೆಚ್ಚುವುದಿಲ್ಲ. ಅಲ್ಲಿ ಅಡಚಣೆ, ಅಂದರೆ ರೋಧ, ಹುಟ್ಟಿಕೊಳ್ಳುವುದರಿಂದ ಕರೆಂಟು ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ಭೂಮಿಗೆ ಸೋರುವ ಕರೆಂಟನ್ನು ಹಿಡಿಯುವ ಆರ್.ಸಿ.ಸಿ.ಬಿ.ಯೂ ಇದನ್ನು ಗುರುತಿಸದು, ಏಕೆಂದರೆ ಇಲ್ಲಿ ಏನೂ ಸೋರುತ್ತಿಲ್ಲ. ಒಂದು ಲೆಕ್ಕ ನೋಡಿ. 3000 ವಾಟ್‌ನ ಗೀಸರು ನಮ್ಮ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಕೂಡಿಕೆಯಲ್ಲಿ ಒಂದು ಓಮ್‌ನ ಹತ್ತನೆಯ ಒಂದು ಪಾಲಿನಷ್ಟು ರೋಧವಿದ್ದರೂ, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಾಗ ಹದಿನೇಳು ವಾಟ್‌ಗಳಷ್ಟು ಶಾಖ ಬರುತ್ತದೆ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಕಡ್ಡಿ 25 ವಾಟ್‌ನದು. ಸೀಸ ಕರಗಿಸುವ ಆ ಕಡ್ಡಿಯ ಅರ್ಧಕ್ಕಿಂತ ಹೆಚ್ಚಿನ ಬಿಸಿಯು ಬೆರಳ ತುದಿಯಷ್ಟು ಜಾಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ, 70 ಡಿಗ್ರಿಯವರೆಗೆ ಮಾತ್ರ ತಾಳುವ ಪಿ.ವಿ.ಸಿ. ಹೊದಿಕೆಯ ಪಕ್ಕದಲ್ಲಿ ಕುಳಿತಿರುತ್ತದೆ. ಅದರಿಂದಾಗುವ ವೋಲ್ಟೇಜಿನ ನಷ್ಟವಾದರೋ ಒಂದೂಕಾಲು ವೋಲ್ಟಿನಷ್ಟು. ನೀರು ಎಂದಿನಂತೆಯೇ ಕಾಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಕಾದಾಗ ತಾಮ್ರ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಸ್ಕ್ರೂ ಇನ್ನಷ್ಟು ಸಡಿಲಾಗುತ್ತದೆ, ತಾಮ್ರದ ಮೈ ಕಪ್ಪಾಗುತ್ತದೆ, ರೋಧ ಇನ್ನೂ ಏರುತ್ತದೆ. ಅದೇ ಕೂಡಿಕೆಯಲ್ಲಿ 9 ವಾಟ್‌ನ ಎಲ್.ಇ.ಡಿ. ಬಲ್ಬು ಮಾತ್ರ ಇದ್ದಿದ್ದರೆ ಹತ್ತು ವರ್ಷವಾದರೂ ಏನೂ ಆಗುತ್ತಿರಲಿಲ್ಲ. ಆದ್ದರಿಂದಲೇ ಕನೆಕ್ಟರ್ ಒಳ್ಳೆಯದೋ ಕೆಟ್ಟದೋ ಎಂದು ಬರಿದೇ ಕೇಳಿದರೆ ಉತ್ತರವಿಲ್ಲ; ಯಾವ ತಂತಿಗೆ, ಎಷ್ಟು ಕರೆಂಟಿನ ಹೊರೆಗೆ, ಎಲ್ಲಿ ಕೂರಿಸಲು ಎಂದು ಕೇಳಬೇಕು.

ನಮ್ಮಲ್ಲಿ ಇಂದಿಗೂ ಹೆಚ್ಚು ನಡೆಯುವ ಪದ್ಧತಿಯೆಂದರೆ ಎರಡು ತಂತಿಗಳನ್ನು ಸುಲಿದು, ಬತ್ತಿ ಹೊಸೆದಂತೆ ಹೊಸೆದು, ಮೇಲೆ ಟೇಪು ಸುತ್ತುವುದು. ಇದನ್ನು ಪೂರ್ತಿಯಾಗಿ ಹಳಿಯಲಾರೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಪಡೆದವರು ವೆಸ್ಟರ್ನ್ ಯೂನಿಯನ್ ಜಾಯಿಂಟ್, ಮ್ಯಾರೀಡ್ ಜಾಯಿಂಟ್, ಟೀ ಜಾಯಿಂಟ್ ಎಂದು ಹೊಸೆಯುವ ಬಗೆಗಳನ್ನು ಅಚ್ಚುಕಟ್ಟಾಗಿ ಕಲಿತಿರುತ್ತಾರೆ. ಹೊಸೆದ ಮೇಲೆ ಸಾಲ್ಡರ್ ಮಾಡಿ, ಅನಂತರ ಟೇಪು ಸುತ್ತುವುದು ಆ ವಿದ್ಯೆಯ ಪೂರ್ಣ ರೂಪ. ಏಣಿಯ ತುದಿಯಲ್ಲಿ ನಿಂತವರು ಸಾಲ್ಡರನ್ನು ಬಿಟ್ಟುಬಿಟ್ಟರು, ಹೊಸೆತವನ್ನೂ ಎರಡು ಸುತ್ತಿಗೆ ಇಳಿಸಿದರು, ಉಳಿದದ್ದು ಟೇಪು ಒಂದೇ. ಟೇಪು ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಕಾಯುತ್ತದೆಯೇ ಹೊರತು ತಂತಿಗಳನ್ನು ಒತ್ತಿ ಹಿಡಿಯುವುದಿಲ್ಲ. ಸಾಲದ್ದಕ್ಕೆ ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದ ತೇವದಲ್ಲಿ ಅದರ ಆಯುಸ್ಸು ಇನ್ನೂ ಕಡಿಮೆ.

ಕನೆಕ್ಟರ್ ಕೊಳ್ಳುವ ಮುನ್ನ ನಮ್ಮ ತಂತಿ ಎಂಥದೆಂದು ತಿಳಿಯುವುದು ಅವಶ್ಯ. ಹಳಬ ಎಲೆಕ್ಟ್ರಿಷಿಯನ್ನರು ಈಗಲೂ ‘ಮೂರು ಬೈ ಇಪ್ಪತ್ತು’, ‘ಏಳು ಬೈ ಇಪ್ಪತ್ತು’ ಎನ್ನುತ್ತಾರೆ. ಇಪ್ಪತ್ತನೆಯ ಗೇಜಿನ ಮೂರು ಎಳೆ, ಏಳು ಎಳೆ ಎಂದು ಅದರರ್ಥ. ಈಗ ಅಂಗಡಿಯಲ್ಲಿ ‘ಒಂದೂವರೆ ಸ್ಕ್ವೇರ್’, ‘ಎರಡೂವರೆ ಸ್ಕ್ವೇರ್’ ಎಂದು ಕೇಳುವ ತಂತಿಗಳು ಬಹುಪಾಲು ಸಣ್ಣ ಎಳೆಗಳವು. 1.5 ಚದರ ಮಿಲಿಮೀಟರಿನ ತಂತಿಯಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರಿನ 22 ಎಳೆಗಳೂ, 2.5ರಲ್ಲಿ 36 ಎಳೆಗಳೂ ಇರುತ್ತವೆ. ಈ ಮೃದು ತಂತಿ ಪೈಪಿನೊಳಗೆ ಸುಲಭವಾಗಿ ಎಳೆಯಲು ಬರುತ್ತದೆ, ಆದರೆ ಸ್ಕ್ರೂವಿನ ಕೆಳಗೆ ಮೊಂಡುತನ ತೋರಿಸುತ್ತದೆ: ಸ್ಕ್ರೂವಿನ ಚೂಪು ತುದಿ ಕೆಲವು ಎಳೆಗಳನ್ನು ಕತ್ತರಿಸುತ್ತದೆ, ಕೆಲವು ಎಳೆಗಳು ಬದಿಗೆ ಸರಿದು ಒತ್ತಡದಿಂದ ತಪ್ಪಿಸಿಕೊಳ್ಳುತ್ತವೆ, ಹೀಗೆ ಮೂವತ್ತಾರು ಎಳೆಗಳ ಕೆಲಸ ಹತ್ತು ಹನ್ನೆರಡು ಎಳೆಗಳ ತಲೆಗೆ ಬೀಳುತ್ತದೆ.

ತಂತಿ ತೂರಿಸುವ ಹನ್ನೆರಡು ಗೂಡುಗಳ ಪ್ಲಾಸ್ಟಿಕ್ ಪಟ್ಟಿಯಾಗಿ ಬರುವ, ಬೇಕಾದಷ್ಟು ಗೂಡುಗಳನ್ನು ಚಾಕುವಿನಿಂದ ಕತ್ತರಿಸಿಕೊಳ್ಳಬಹುದಾದ ಸ್ಕ್ರೂ ಕನೆಕ್ಟರು ಎಲ್ಲ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅಗ್ಗದ್ದಾದರೂ ಅದನ್ನು ತಿರಸ್ಕರಿಸಬೇಕಿಲ್ಲ. ಒಳಗಿನ ಲೋಹ ಹಿತ್ತಾಳೆಯದೇ ಎಂದು ನೋಡಿ, ಐದು, ಹತ್ತು, ಹದಿನೈದು, ಮೂವತ್ತು ಆಂಪಿಯರ್‌ಗಳ ಪೈಕಿ ಹೊರೆಗೆ ತಕ್ಕದ್ದನ್ನು ಆರಿಸಿ, ಎಳೆಗಳ ತುದಿಗೆ ಫೆರೂಲ್ ಎಂಬ ತವರ ಬಳಿದ ತಾಮ್ರದ ಪುಟ್ಟ ಕೊಳವೆಯನ್ನು ತೊಡಿಸಿ ಕ್ರಿಂಪ್ ಮಾಡಿದರೆ, ಅಂದರೆ ಉಪಕರಣದಿಂದ ಅದುಮಿ ಬಿಗಿದರೆ, ಸ್ಕ್ರೂ ಆ ಕೊಳವೆಯನ್ನು ಒತ್ತುತ್ತದೆಯೇ ವಿನಾ ಎಳೆಗಳನ್ನು ಕಡಿಯುವುದಿಲ್ಲ. ಎಳೆಗಳು ಚದುರದಿರಲೆಂದು ತುದಿಗೆ ಸಾಲ್ಡರ್ ಮೆತ್ತಿ ಸ್ಕ್ರೂವಿನಡಿ ಇಡುವವರಿದ್ದಾರೆ. ಇದು ಜಾಣತನದಂತೆ ಕಂಡರೂ ತಪ್ಪು, ಏಕೆಂದರೆ ಸಾಲ್ಡರ್ ಮೆತ್ತನೆಯ ಲೋಹವಾದ್ದರಿಂದ ಒತ್ತಡಕ್ಕೆ ನಿಧಾನವಾಗಿ ಹರಡಿಕೊಂಡು ಸ್ಕ್ರೂವನ್ನು ಸಡಿಲಗೊಳಿಸುತ್ತದೆ. ಈ ಕನೆಕ್ಟರಿನ ಇನ್ನೊಂದು ಕೊರತೆ ದೀಪಗಳ ಜೊತೆ ಎದುರಾಗುತ್ತದೆ. ಎಲ್.ಇ.ಡಿ. ದೀಪಗಳ ಜೊತೆ ಬರುವ ತಂತಿ ಕೂದಲಿನಷ್ಟು ಸಣ್ಣದು, ಮನೆಯ ತಂತಿ ದಪ್ಪ. ಇವೆರಡನ್ನೂ ಒಂದೇ ರಂಧ್ರದಲ್ಲಿ ಒಂದೇ ಸ್ಕ್ರೂವಿನಡಿ ಇಟ್ಟರೆ ದಪ್ಪನೆಯದು ಬಿಗಿಯಾಗಿ ಸಣ್ಣದು ಅಲ್ಲಾಡುತ್ತಿರುತ್ತದೆ. ಹೀಗೆ ಆರಿ ಆರಿ ಹತ್ತುವ ದೀಪವನ್ನು ಎಷ್ಟೋ ಮಂದಿ ಕೆಟ್ಟಿತೆಂದು ಎಸೆಯುತ್ತಾರೆ.

ಇಂಥಲ್ಲಿ ನನಗೆ ಮೆಚ್ಚಿಕೆಯಾದದ್ದು ಲಿವರ್ ಕನೆಕ್ಟರು. ರೇಡಿಯೋದಲ್ಲಿ ತೋರಿಸುವಂತಿಲ್ಲವಾದ್ದರಿಂದ ವರ್ಣಿಸುತ್ತೇನೆ: ಹುಣಸೆಬೀಜದಷ್ಟೋ ಅದಕ್ಕಿಂತ ತುಸು ದೊಡ್ಡದೋ ಆದ ಪಾರದರ್ಶಕ ಡಬ್ಬಿ, ಅದರ ಮೇಲೆ ಎರಡು, ಮೂರು ಅಥವಾ ಐದು ಕಿತ್ತಳೆ ಬಣ್ಣದ ಕಿವಿಗಳು. ಕಿವಿಯನ್ನು ಎತ್ತಿ, ಸುಲಿದ ತಂತಿಯನ್ನು ಒಳಗಿಟ್ಟು, ಕಿವಿಯನ್ನು ಮಡಿಚಿದರೆ ಒಳಗಿನ ಸ್ಪ್ರಿಂಗ್ ತಂತಿಯನ್ನು ಹಿಡಿದುಕೊಳ್ಳುತ್ತದೆ. ಇದನ್ನು ಹೆಸರುವಾಸಿ ಮಾಡಿದ್ದು 1951ರಲ್ಲಿ ಜರ್ಮನಿಯ ಮಿಂಡನ್ ಊರಿನಲ್ಲಿ ಆರಂಭವಾದ ವಾಗೋ ಕಂಪನಿ. ಪ್ರತಿ ತಂತಿಗೂ ಬೇರೆ ಬೇರೆ ಸ್ಪ್ರಿಂಗ್ ಇರುವುದರಿಂದ ಸಣ್ಣದು ದಪ್ಪದ್ದರ ಮರ್ಜಿಗೆ ಕಾಯಬೇಕಿಲ್ಲ. ತಾಮ್ರ ಹಿಗ್ಗಿದರೂ ಕುಗ್ಗಿದರೂ ಸ್ಪ್ರಿಂಗ್ ತನ್ನ ಒತ್ತಡವನ್ನು ಬಿಡುವುದಿಲ್ಲ. ಅವರ 221 ಎಂಬ ಮಾದರಿಯ ಸಾಮಾನ್ಯ ಅಳತೆಯದರಲ್ಲಿ 4 ಚದರ ಮಿಲಿಮೀಟರಿನವರೆಗಿನ ತಂತಿ ಹಿಡಿಯುತ್ತದೆ. ತಂತಿಯನ್ನು 11 ಮಿಲಿಮೀಟರ್ ಸುಲಿಯಬೇಕು, ಅಷ್ಟುದ್ದದ ಗುರುತನ್ನು ಡಬ್ಬಿಯ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ಆ ಗುರುತನ್ನು ನೋಡದೆ ಅಂದಾಜಿನಲ್ಲಿ ಸುಲಿದರೆ, ಕಡಿಮೆಯಾದಲ್ಲಿ ಸ್ಪ್ರಿಂಗ್ ಪ್ಲಾಸ್ಟಿಕ್ ಹೊದಿಕೆಯನ್ನು ಕಚ್ಚುತ್ತದೆ, ಹೆಚ್ಚಾದಲ್ಲಿ ಬರಿ ತಾಮ್ರ ಹೊರಗೆ ಇಣುಕುತ್ತದೆ. ನೋಡಲು ಇದರಂತೆಯೇ ಇರುವ ಅಗ್ಗದ ಮಾಲು ಬೇಕಾದಷ್ಟಿದೆ. ಮೈಮೇಲೆ ಆಂಪಿಯರು, ವೋಲ್ಟು, ತಯಾರಕರ ಗುರುತು ಯಾವುದೂ ಇಲ್ಲದ್ದನ್ನು ನಾನಂತೂ ಗೋಡೆಯೊಳಗೆ ಇಡಲಾರೆ.

ಆನ್‌ಲೈನಿನಲ್ಲಿ ತರಿಸುವವರು ಎಡವುವ ಒಂದು ಜಾಗವಿದೆ. ಕಿವಿಯಿಲ್ಲದ, ತಂತಿಯನ್ನು ಸುಮ್ಮನೆ ಒಳಗೆ ತಳ್ಳಿದರೆ ಸಾಕು ಎನ್ನುವ ಪುಶ್ ಕನೆಕ್ಟರುಗಳೂ ಅದೇ ಪುಟದಲ್ಲಿ, ಕಡಿಮೆ ಬೆಲೆಗೆ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಗಟ್ಟಿ ಎಳೆಯ ತಂತಿಗಾಗಿ ಮಾಡಿದವು. ನಮ್ಮ ಮನೆಗಳ ಮೃದು ತಂತಿಯನ್ನು ಅದರೊಳಗೆ ತಳ್ಳಿದರೆ ಎಳೆಗಳು ಬಾಗಿ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಅಮೆರಿಕ, ಕೆನಡಾಗಳಲ್ಲಿರುವ ನಮ್ಮವರು ಮನೆಮನೆಯಲ್ಲೂ ನೋಡುವ ಟೋಪಿಯಾಕಾರದ ವೈರ್ ನಟ್ ಕೂಡ ಅಲ್ಲಿನ ತಂತಿಗೆ ಒಪ್ಪುತ್ತದೆ. ಇಲ್ಲಿಗೆ ತಂದು ತಿರುವುವ ಅಗತ್ಯ ನನಗೆ ಕಂಡಿಲ್ಲ. ಕೆಂಪು, ನೀಲಿ, ಹಳದಿ ಬಣ್ಣದ ಕ್ರಿಂಪ್ ಕೊಳವೆಗಳು ಗಟ್ಟಿಮುಟ್ಟಾದವೇ, ಆದರೆ ಅವಕ್ಕೆಂದೇ ಇರುವ ಕ್ರಿಂಪಿಂಗ್ ಉಪಕರಣ ಬೇಕು. ಕಟಿಂಗ್ ಪ್ಲೈಯರ್‌ನಿಂದ ಅದುಮಿದರೆ ಕೊಳವೆ ಚಪ್ಪಟೆಯಾಗುತ್ತದೆ, ಹಿಡಿತ ಬರುವುದಿಲ್ಲ.

ಗೀಸರು, ಏ.ಸಿ., ಇಂಡಕ್ಷನ್ ಒಲೆ ಮುಂತಾದ ಭಾರಿ ಹೊರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ: ಅಲ್ಲಿ ಅತ್ಯುತ್ತಮ ಕನೆಕ್ಟರೆಂದರೆ ಕನೆಕ್ಟರೇ ಇಲ್ಲದಿರುವುದು. ಪವರ್ ಪಾಯಿಂಟಿಗೆ ಬರುವ ತಂತಿ ಎಂ.ಸಿ.ಬಿ.ಗಳಿರುವ ಡಿಸ್ಟ್ರಿಬ್ಯೂಷನ್ ಬಾಕ್ಸಿನಿಂದ ನಡುವೆ ಎಲ್ಲೂ ತುಂಡಾಗದೆ ಬರಬೇಕು. ಅಡಿಗಟ್ಟಲೆ ಉಳಿದ ತುಂಡುಗಳನ್ನು ಕೂಡಿಸಿ ನೂರಿನ್ನೂರು ರೂಪಾಯಿ ಉಳಿಸುವುದು ಉಳಿತಾಯವಲ್ಲ. ಅನಿವಾರ್ಯವಾದರೆ ಬಿಸಿಗೆ ಕರಗದ ಪಿಂಗಾಣಿ ಕನೆಕ್ಟರನ್ನು, 30 ಆಂಪಿಯರಿನದನ್ನು, ಡಬ್ಬಿಯೊಳಗೆ ಭದ್ರವಾಗಿ ಕೂರಿಸಿ, ಒಂದೆರಡು ತಿಂಗಳ ಬಳಿಕ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಸಬೇಕು. ಪಿಂಗಾಣಿ ಬಿಸಿಯನ್ನು ತಾಳುತ್ತದೆ ನಿಜ, ಆದರೆ ಸಡಿಲ ಸ್ಕ್ರೂವಿಗೆ ಅದೂ ಮದ್ದಲ್ಲ.

ಕೆಲವು ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯಿದೆ. ಅದನ್ನು ಹೊಸ ತಾಮ್ರದ ತಂತಿಯೊಡನೆ ನೇರವಾಗಿ ಹೊಸೆಯುವುದಾಗಲಿ, ಒಂದೇ ಸ್ಕ್ರೂವಿನಡಿ ಒತ್ತುವುದಾಗಲಿ ಕೂಡದು. ತೇವ ತಾಗಿದರೆ ಎರಡು ಲೋಹಗಳ ನಡುವೆ ಸವೆತ ಶುರುವಾಗುತ್ತದೆ, ಅಲ್ಯೂಮಿನಿಯಂ ಮೇಲೆ ಕ್ಷಣದಲ್ಲಿ ಕಟ್ಟುವ ಆಕ್ಸೈಡ್ ಪೊರೆ ಕರೆಂಟನ್ನು ತಡೆಯುತ್ತದೆ. ಆ ಭಾಗದ ವೈರಿಂಗನ್ನೇ ಬದಲಿಸುವುದು ಲೇಸು.

ಎಂಥ ಕನೆಕ್ಟರಾದರೂ ಅದು ತೆರೆದು ನೋಡಲು ಬರುವ ಜಂಕ್ಷನ್ ಬಾಕ್ಸಿನೊಳಗೆ ಇರಬೇಕು. ಪೈಪಿನ ನಡುವೆ, ಗಾರೆಯೊಳಗೆ, ಫಾಲ್ಸ್ ಸೀಲಿಂಗಿನ ಮೇಲೆ ಇಲಿ ಓಡಾಡುವಲ್ಲಿ ಸಡಿಲವಾಗಿ ಬಿದ್ದಿರಬಾರದು. ಕೂಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಂದೊಂದಾಗಿ ಎಳೆದು ನೋಡಬೇಕು. ಇದೆಲ್ಲ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ; ನೀವು ಪಕ್ಕದಲ್ಲಿ ನಿಂತು ಕೇಳಬೇಕಾದದ್ದನ್ನು ಕೇಳಿದರೆ ಸಾಕು. ಯು.ಪಿ.ಎಸ್. ಇರುವ ಮನೆಯಲ್ಲಿ ಮೇನ್ ಸ್ವಿಚ್ ಆರಿಸಿದರೂ ದೀಪ, ಫ್ಯಾನಿನ ತಂತಿಗಳಲ್ಲಿ ಬ್ಯಾಟರಿಯಿಂದ ಬಂದ 230 ವೋಲ್ಟ್ ಜೀವಂತವಾಗಿರುತ್ತದೆಂಬುದನ್ನು ಅವರಿಗೂ ಒಮ್ಮೆ ನೆನಪಿಸಿ; ಅವರು ಯು.ಪಿ.ಎಸ್. ಅನ್ನೂ ಆರಿಸಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಮುಚ್ಚಳ ತೆಗೆಯಲಿ.

ನಮ್ಮ ಬಚ್ಚಲಿನ ಗೀಸರಿಗೆ ಕೊನೆಗೆ ಸ್ವಿಚ್ಚಿನಿಂದ ಗೀಸರಿನವರೆಗೆ 4 ಚದರ ಮಿಲಿಮೀಟರಿನ ಹೊಸ ತಂತಿಯನ್ನು ಒಂದೇ ಉದ್ದವಾಗಿ ಎಳೆಸಿದೆವು. ಆ ಜಂಕ್ಷನ್ ಬಾಕ್ಸ್ ಈಗಲೂ ಗೋಡೆಯಲ್ಲಿದೆ, ತಂತಿ ಅದರ ಮೂಲಕ ಹಾದುಹೋಗುತ್ತದೆ, ಒಳಗೆ ಯಾವ ಕೂಡಿಕೆಯೂ ಇಲ್ಲ. ನಮಸ್ಕಾರ.